ಪರೀಕ್ಷೆಗೆ ಬರೆಯಲಿ, ನಂಬುವುದು ಬೇಡ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತೇನೆ. ಹೆಚ್ಚಿನವರು ನಮ್ಮ ಊರ ಕಡೆಯವರ ಮಕ್ಕಳೇ. ವಿಕಾಸದ ಪಾಠ ಮುಗಿದ ಮೇಲೆ ಒಬ್ಬ ಹುಡುಗನ ತಂದೆ ಬಂದು, "ಟೀಚರ್, ಪರೀಕ್ಷೆಗೆ ಬರೆಯಲಿ, ಮಾರ್ಕು ಬರಲಿ, ಆದರೆ ಇದನ್ನೆಲ್ಲ ನಂಬುವುದು ಬೇಡ ಅಂತ ಅವನಿಗೆ ಹೇಳಿ" ಅಂದರು. ಅವರು ಇಂಜಿನಿಯರು. ದಿನಾ ಪೂಜೆ ಮಾಡುವವರು, ಒಳ್ಳೆಯ ಮನುಷ್ಯ. ಓದಿದವರೂ ಇದನ್ನು ಯಾಕೆ ಒಪ್ಪುವುದಿಲ್ಲ? ನಾನು ಅವರಿಗೆ ಏನು ಹೇಳಲಿ?

ಉತ್ತರ: ಟೀಚರ್, ಆ ತಂದೆಗೆ ವಿಜ್ಞಾನ ಗೊತ್ತಿಲ್ಲ ಅಂತ ದಯವಿಟ್ಟು ತೀರ್ಮಾನ ಮಾಡಬೇಡಿ. ನಾನು ಮುಂಬಯಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿಕೊಂಡು ಬಂದವನು. ಈ ಪಾಠ ಬಂದಾಗ ಮುಖ ಸಣ್ಣದು ಮಾಡಿಕೊಳ್ಳುವ ಮಕ್ಕಳು ಪ್ರತಿ ವರ್ಷವೂ ಇರುತ್ತಿದ್ದರು. ಅವರಲ್ಲಿ ದಡ್ಡರು ಕಡಿಮೆ. ಪಾಠ ಅರ್ಥವಾಗದೆ ಬೇಡ ಅಂದವರಿಗಿಂತ, ಅರ್ಥವಾಗಿ ಹೆದರಿದವರೇ ಜಾಸ್ತಿ. ಅದಕ್ಕೇ ಇನ್ನಷ್ಟು ಪಳೆಯುಳಿಕೆ ತೋರಿಸಿದರೆ ಸರಿಹೋಗುತ್ತದೆ ಎಂಬ ಉಪಾಯ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಇಲ್ಲಿ ಎರಡು ಮಾತುಗಳಿವೆ, ಬೇರೆ ಬೇರೆ. ಜೀವಿಗಳು ಕಾಲ ಕಳೆದಂತೆ ಬದಲಾಗಿವೆ, ಎಲ್ಲಕ್ಕೂ ಮೂಲ ಒಂದೇ ಎನ್ನುವುದು ಮೊದಲ ಮಾತು. ಆ ಬದಲಾವಣೆಯನ್ನು ಯಾರೂ ಕೂತು ನಡೆಸಲಿಲ್ಲ, ಹುಟ್ಟಿನಲ್ಲಿ ಬರುವ ಚಿಕ್ಕಪುಟ್ಟ ವ್ಯತ್ಯಾಸಗಳಲ್ಲಿ ಆ ಜಾಗಕ್ಕೆ, ಆ ಹೊತ್ತಿಗೆ ಹೊಂದಿದ್ದು ಹೆಚ್ಚು ಮರಿ ಹಾಕಿತು, ಹೊಂದದ್ದು ಕಡಿಮೆಯಾಗುತ್ತಾ ಹೋಯಿತು, ಅಷ್ಟೇ ಎನ್ನುವುದು ಎರಡನೆಯದು. ಇದೇ ನಿಸರ್ಗದ ಆಯ್ಕೆ. ಮೊದಲ ಮಾತನ್ನು ನಮ್ಮ ಕಡೆಯ ಎಷ್ಟೋ ಭಕ್ತರು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ. ಎರಡನೆಯದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆ ತಂದೆಯನ್ನು ಕೂರಿಸಿ ಮಾತಾಡಿಸಿದರೆ ಅವರಿಗೂ ಅಲ್ಲೇ ಅಡ್ಡಿಯಾಗಿದೆ ಅಂತ ನಿಮಗೆ ಕಾಣಬಹುದು.

ಇದು ಬರೀ ಧಾರ್ಮಿಕರ ಕಷ್ಟ ಅಲ್ಲ. 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ಆಲ್ಫ್ರೆಡ್ ವಾಲೆಸ್ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿದರು. ನಿಸರ್ಗದ ಆಯ್ಕೆ ಎಂಬ ವಿಚಾರ ಇಬ್ಬರಿಗೂ ಬೇರೆ ಬೇರೆಯಾಗಿ ಹೊಳೆದಿತ್ತು. ಹನ್ನೊಂದು ವರ್ಷ ಕಳೆಯುವುದರೊಳಗೆ ಆ ವಾಲೆಸ್ ಅವರೇ ಮನುಷ್ಯನ ಬುದ್ಧಿ ಮಾತ್ರ ಇದರಿಂದ ಬಂದಿರಲಾರದು, ಮೇಲಿನ ಯಾವುದೋ ಶಕ್ತಿಯ ಕೈ ಇದೆ ಅಂತ ಬರೆದರು. ಆ ಲೇಖನ ಬರುವ ಮೊದಲೇ ಕಳವಳಗೊಂಡ ಡಾರ್ವಿನ್, ನಮ್ಮಿಬ್ಬರ ಮಗುವನ್ನು ನೀವು ಪೂರ್ತಿ ಕೊಂದುಹಾಕಿಲ್ಲ ಅಂದುಕೊಳ್ಳುತ್ತೇನೆ ಎಂಬರ್ಥದ ಕಾಗದ ಬರೆದರು. 19ನೇ ಶತಮಾನದ ಕೊನೆಗೆ ಯುರೋಪಿನ ಬಹಳಷ್ಟು ವಿಜ್ಞಾನಿಗಳು ವಿಕಾಸವನ್ನು ಒಪ್ಪಿದ್ದರು, ಆಯ್ಕೆಯನ್ನು ಪೂರ್ತಿ ಒಪ್ಪಿರಲಿಲ್ಲ. 1930-40ರ ದಶಕಗಳಲ್ಲಿ ಮೆಂಡೆಲ್‌ನ ಅನುವಂಶೀಯತೆಯ ಲೆಕ್ಕ ಡಾರ್ವಿನ್‌ನ ವಿಚಾರದ ಜೊತೆ ಕೂಡಿಕೊಂಡ ಮೇಲೆಯೇ ಅದು ಗಟ್ಟಿಯಾಗಿ ನಿಂತಿದ್ದು. ಸ್ವತಃ ಕಂಡುಹಿಡಿದವರಲ್ಲಿ ಒಬ್ಬರು ಹಿಂದೆ ಸರಿದರು ಅಂದಮೇಲೆ, ಡೊಂಬಿವಲಿಯ ಒಬ್ಬ ತಂದೆಗೆ ಕಷ್ಟವಾದರೆ ಆಶ್ಚರ್ಯ ಏನಿದೆ?

ಕಾಲದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ನಮ್ಮವರಿಗೆ ಅದು ದೊಡ್ಡ ತೊಡಕಲ್ಲ. ಅಮೆರಿಕದ ಕೆಲವು ಪ್ರಾಟೆಸ್ಟೆಂಟ್ ಗುಂಪುಗಳಿಗೆ ಅದೇ ದೊಡ್ಡ ತೊಡಕು. 17ನೇ ಶತಮಾನದಲ್ಲಿ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ ಸೃಷ್ಟಿ ನಡೆದಿದ್ದು ಕ್ರಿಸ್ತಪೂರ್ವ 4004ರಲ್ಲಿ ಅಂತ ಲೆಕ್ಕ ಹಾಕಿದರು. ಅಂಥ ಲೆಕ್ಕವನ್ನು ಅಕ್ಷರಶಃ ಹಿಡಿದುಕೊಂಡವರಿಗೆ ಭೂಮಿಗೆ 454 ಕೋಟಿ ವರ್ಷ ಎಂದರೆ ವೇದವಾಕ್ಯವೇ ಸುಳ್ಳಾದಂತೆ. ಅಲ್ಲಿ ರಾಜಿಗೆ ಜಾಗ ಇಲ್ಲ, ಎರಡರಲ್ಲಿ ಒಂದು ತಪ್ಪು ಅಂತ ನೇರವಾಗಿ ಹೇಳಲೇಬೇಕು. ನಮ್ಮಲ್ಲಿ ಹಾಗಿಲ್ಲ. ಸತ್ಯನಾರಾಯಣ ಪೂಜೆಗೆ ಕೂತವರೆಲ್ಲ ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ ಅಂತ ಹೇಳಿಯೇ ಮುಂದೆ ಹೋಗುವುದು. ಒಂದು ಕಲ್ಪ ಅಂದರೆ 432 ಕೋಟಿ ವರ್ಷ. ಅಷ್ಟು ದೊಡ್ಡ ಸಂಖ್ಯೆ ಬಾಯಲ್ಲೇ ಇರುವವರು ಕೋಟಿ ವರ್ಷಗಳಿಗೆ ಬೆದರುವುದಿಲ್ಲ. ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್ ನೋಡಿದ್ದೀರಲ್ವಾ? ಕಟ್ಟಡಗಳ ನಡುವೆ ಸುಮಾರು 200 ಅಡಿ ನೆಟ್ಟಗೆ ನಿಂತ ಕರಿಕಲ್ಲು, ಆರು ಕೋಟಿ ವರ್ಷಗಳಷ್ಟು ಹಿಂದೆ ಉಕ್ಕಿದ ಲಾವಾ ಆರಿ ಆದದ್ದು. ತಲೆಯ ಮೇಲೆ ಗಾಂವ್‌ದೇವಿಯ ಗುಡಿ. ಕಲ್ಲಿನ ವಯಸ್ಸು ಕೇಳಿ ಆ ಗುಡಿಗೆ ಹೋಗುವುದನ್ನು ಬಿಟ್ಟವರನ್ನು ನಾನು ಕಂಡಿಲ್ಲ.

ಹಾಗಾದರೆ ನಮ್ಮವರಿಗೆ ಚುಚ್ಚುವುದು ಯಾವುದು? ಮಂಗ. ಮೊದಲು ಮಂಗ.

2018ರ ಜನವರಿಯಲ್ಲಿ ಔರಂಗಾಬಾದಿನಲ್ಲಿ ಆಗಿನ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಮಂಗ ಮನುಷ್ಯನಾದದ್ದನ್ನು ನೋಡಿದ್ದಾಗಿ ನಮ್ಮ ಹಿರಿಯರು ಯಾರೂ ಹೇಳಿಲ್ಲ, ಬರೆದಿಲ್ಲ ಅಂದರು. ಅವರು ಮುಂಬಯಿಯ ಪೊಲೀಸ್ ಕಮಿಷನರ್ ಆಗಿದ್ದವರು, ರಸಾಯನಶಾಸ್ತ್ರ ಓದಿದವರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟು ಅದನ್ನು ತಿದ್ದಿದವು. ಆದರೆ ಆ ಮಾತು ಅವರೊಬ್ಬರದ್ದಲ್ಲ, ಲೋಕಲ್ ಟ್ರೈನಿನಲ್ಲಿ ಯಾರನ್ನು ಕೇಳಿದರೂ ಅದೇ ಪ್ರಶ್ನೆ: ಮಂಗನಿಂದ ಮನುಷ್ಯ ಬಂದಿದ್ದರೆ ಇನ್ನೂ ಮಂಗಗಳು ಯಾಕಿವೆ? ನಿಮ್ಮ ಮಕ್ಕಳಿಗೆ ಇದನ್ನು ಹೀಗೆ ಹೇಳಿ. ನಿಮ್ಮ ಮುತ್ತಜ್ಜನ ಮಕ್ಕಳಲ್ಲಿ ಒಬ್ಬರು ಮುಂಬಯಿಗೆ ಬಂದು ಹೋಟೆಲು ಸೇರಿದರು, ಇನ್ನೊಬ್ಬರು ಕಾರ್ಕಳದಲ್ಲೇ ಗದ್ದೆ ನೋಡಿಕೊಂಡು ಉಳಿದರು. ನೀವು ಕಾರ್ಕಳದ ದಾಯಾದಿಗಳಿಂದ ಹುಟ್ಟಿದವರಲ್ಲ. ಇಬ್ಬರೂ ಒಬ್ಬ ಮುತ್ತಜ್ಜನಿಂದ ಬಂದವರು. ನೀವು ಇಲ್ಲಿದ್ದೀರಿ ಎಂಬ ಕಾರಣಕ್ಕೆ ಅವರು ಅಲ್ಲಿ ಇರಬಾರದು ಅಂತ ಇಲ್ಲವಲ್ಲ. ಚಿಂಪಾಂಜಿಗೂ ನಮಗೂ ಸಂಬಂಧ ಅಂಥದ್ದೇ, ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಬೇರೆಯಾದ ಎರಡು ಕವಲು. ಅದರ ಗುರುತು ನಮ್ಮ ಜೀವಕೋಶದಲ್ಲೇ ಇದೆ. ಚಿಂಪಾಂಜಿಗೆ 48 ವರ್ಣತಂತುಗಳು (ಕ್ರೋಮೋಸೋಮ್, ಅಂದರೆ ಡಿಎನ್‌ಎ ಹೊತ್ತ ಎಳೆಗಳು), ನಮಗೆ 46. ಕಾಣೆಯಾದ ಜೋಡಿ ಎಲ್ಲಿಗೆ ಹೋಯಿತು ಅಂತ ಹುಡುಕಿದರೆ, ನಮ್ಮ ಎರಡನೇ ವರ್ಣತಂತುವಿನ ನಡುವೆ ಎರಡು ತುದಿಗಳು ಬೆಸೆದುಕೊಂಡ ಗಾಯದ ಗುರುತು ಸಿಗುತ್ತದೆ. ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಸಾಲು ಅಲ್ಲಿ ಮಧ್ಯದಲ್ಲಿದೆ. ಈ ಒಂದು ವಿಷಯ ಕೇಳಿದಾಗ ಹುಡುಗರ ಕಣ್ಣು ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇಷ್ಟಾದ ಮೇಲೆ ಆ ತಂದೆ ಒಂದು ಮಾತು ಹೇಳಿಯೇ ಹೇಳುತ್ತಾರೆ. "ಅಯ್ಯೋ, ವಿಕಾಸ ನಮ್ಮ ದಶಾವತಾರದಲ್ಲೇ ಇದೆಯಲ್ಲ! ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ." ಅದನ್ನು ಕೇಳಿ ನಿಮಗೆ ಸಮಾಧಾನ ಆಗಬಹುದು, ಸದ್ಯ ಒಪ್ಪಿದರಲ್ಲ ಅಂತ. ನಾನು ಸಮಾಧಾನ ಪಡುವುದಿಲ್ಲ. ಈ ಹೋಲಿಕೆ ನಮ್ಮ ಅಜ್ಜ-ಮುತ್ತಜ್ಜಂದಿರು ಪುರಾಣದಲ್ಲಿ ಓದಿದ್ದಲ್ಲ. ಅಚ್ಚಿನಲ್ಲಿ ಇದನ್ನು ಮೊದಮೊದಲು ಹೇಳಿದವರಲ್ಲಿ ಒಬ್ಬರು ಥಿಯಾಸಾಫಿಕಲ್ ಸೊಸೈಟಿಯ ಮೇಡಂ ಬ್ಲಾವಟ್‌ಸ್ಕಿ, 1877ರಲ್ಲಿ. ಎರಡು ವರ್ಷದ ನಂತರ ಅವರು ಮುಂಬಯಿಗೆ ಬಂದಿಳಿದರು, ಸೊಸೈಟಿ ಮದ್ರಾಸಿನ ಅಡಯಾರಿಗೆ ಹೋಗುವ ತನಕ ಅದರ ಮುಖ್ಯ ಕೇಂದ್ರ ಇದೇ ಊರಿನಲ್ಲಿತ್ತು. ಮುಂದೆ ಭಾರತದ ಪೌರತ್ವ ಪಡೆದು ಇಲ್ಲೇ ತೀರಿಕೊಂಡ ದೊಡ್ಡ ವಿಜ್ಞಾನಿ ಹಾಲ್ಡೇನ್ ಕೂಡ ಅವತಾರಗಳ ಸಾಲನ್ನು ಮೆಚ್ಚಿ ಮಾತಾಡಿದ್ದರು. ಕೇಳಲು ಚೆಂದವಾಗಿಯೇ ಇದೆ.

ಆದರೆ ಅದು ನಿಸರ್ಗದ ಆಯ್ಕೆಯನ್ನು ಒಪ್ಪಿದಂತೆ ಅಲ್ಲ. ಅವತಾರಗಳದ್ದು ಏಣಿ, ಕೆಳಗಿನಿಂದ ಮೇಲಕ್ಕೆ, ಕೊನೆಗೆ ಮನುಷ್ಯ. ವಿಕಾಸದಲ್ಲಿ ಮೇಲೆ-ಕೆಳಗೆ ಎಂಬುದು ಇಲ್ಲ. ಆಮೆ ಹಂದಿಯಾಗಲಿಲ್ಲ, ಹಂದಿ ಮನುಷ್ಯನಾಗಲಿಲ್ಲ. ಈಗ ಇರುವ ಆಮೆ, ಹಂದಿ, ನಾವು, ಎಲ್ಲರೂ ಅವರವರ ಕವಲಿನಲ್ಲಿ ಅಷ್ಟೇ ಕಾಲ ನಡೆದು ಬಂದವರು. ಇದು ಚಿಕ್ಕ ವ್ಯತ್ಯಾಸ, ಇದನ್ನು ತಿದ್ದಬಹುದು. ದೊಡ್ಡದು ಇನ್ನೊಂದಿದೆ. ಪ್ರತಿ ಅವತಾರಕ್ಕೂ ಒಂದು ಕಾರಣ ಇದೆ. ಮತ್ಸ್ಯ ಬಂದಿದ್ದು ಪ್ರಳಯದಿಂದ ಕಾಪಾಡಲು, ಕೂರ್ಮ ಬಂದಿದ್ದು ಮಂದರ ಪರ್ವತ ಹೊರಲು, ವರಾಹ ಬಂದಿದ್ದು ಭೂಮಿಯನ್ನು ಎತ್ತಲು. ಗೋವಾ, ಸಿಂಧುದುರ್ಗದ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುವ ದಶಾವತಾರಿ ಆಟ ನೋಡಿದವರಿಗೆ, ನಮ್ಮ ಯಕ್ಷಗಾನ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ದೇವರು ಒಂದು ಉದ್ದೇಶ ಇಟ್ಟುಕೊಂಡು ಇಳಿದು ಬರುತ್ತಾನೆ, ಅದೇ ಕಥೆಯ ಜೀವ. ನಿಸರ್ಗದ ಆಯ್ಕೆಯಲ್ಲಿ ಇಲ್ಲದಿರುವುದು ಅದೊಂದೇ, ಉದ್ದೇಶ. ಹಾಗಾಗಿ ದಶಾವತಾರವೇ ವಿಕಾಸ ಅನ್ನುವವರು ಮೊದಲ ಮಾತನ್ನು ಸಂತೋಷದಿಂದ ಒಳಗೆ ಕರೆದು ಎರಡನೆಯದನ್ನು ಹೊಸ್ತಿಲಲ್ಲೇ ನಿಲ್ಲಿಸಿಬಿಡುತ್ತಾರೆ. ಬೇಡ ಅಂತ ನೇರವಾಗಿ ಹೇಳುವ ತಂದೆಗಿಂತ ಇವರ ಜೊತೆ ಮಾತಾಡುವುದು ಕಷ್ಟ, ಯಾಕಂದರೆ ತಾವು ಒಪ್ಪಿಯಾಗಿದೆ ಅಂತ ಅವರಿಗೆ ಪೂರ್ತಿ ನಂಬಿಕೆ.

ಉದ್ದೇಶ ಹುಡುಕುವುದು ಭಕ್ತರ ಸ್ವಭಾವ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೆಬೊರಾ ಕೆಲೆಮನ್ ಚಿಕ್ಕ ಮಕ್ಕಳನ್ನು ಕಲ್ಲುಗಳು ಯಾಕೆ ಚೂಪಾಗಿವೆ ಅಂತ ಕೇಳಿದರು. ಪ್ರಾಣಿಗಳಿಗೆ ತುರಿಕೆ ಬಂದಾಗ ಮೈ ಉಜ್ಜಿಕೊಳ್ಳಲಿಕ್ಕೆ ಎಂಬ ಉತ್ತರವೇ ಮಕ್ಕಳಿಗೆ ಹೆಚ್ಚು ಇಷ್ಟವಾಯಿತು. ಯೋಚಿಸಲು ಸಮಯ ಕೊಡದೆ ಅವಸರ ಮಾಡಿ ಕೇಳಿದಾಗ ವೃತ್ತಿಪರ ವಿಜ್ಞಾನಿಗಳು ಕೂಡ ಅಂಥ ಉತ್ತರದ ಕಡೆ ಸ್ವಲ್ಪ ವಾಲುತ್ತಾರೆ ಅಂತಲೂ ಅವರ ತಂಡ ಮುಂದೆ ತೋರಿಸಿತು. ಇನ್ನು ಇಂಜಿನಿಯರು ದಿನವಿಡೀ ನೋಡುವುದೇ ಯಾರೋ ಯೋಚಿಸಿ ಮಾಡಿದ ವಸ್ತುಗಳನ್ನು. ಕಣ್ಣಿನಂಥ ಅಂಗ ತಾನಾಗಿಯೇ ಆಯಿತು ಅಂದರೆ ಅವರಿಗೆ ಹಿಡಿಸದೆ ಇರುವುದು ಸಹಜ.

ಈಗ ಎಲ್ಲಕ್ಕಿಂತ ಆಳದ ಕಾರಣಕ್ಕೆ ಬರುತ್ತೇನೆ. ಕಿಟಕಿಯ ಮೂಲೆಯಲ್ಲಿ, ಗೋಡೆಯ ಮೇಲೆ, ಕೆಲವೊಮ್ಮೆ ಫ್ಯಾನಿನ ಬುಡದಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದನ್ನು ನೋಡಿರುತ್ತೀರಿ. ಚಿಕ್ಕ ಮಡಕೆಯಂಥ ಗೂಡು. ಕಣಜ ಎಲ್ಲಿಂದಲೋ ಒಂದು ಹಸಿರು ಹುಳವನ್ನು ಹಿಡಿದು ತಂದು ಅದರೊಳಗೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಹೋಗುತ್ತದೆ. ಕೆಲವು ದಿನಗಳಾದ ಮೇಲೆ ಗೂಡು ಒಡೆದು ಹೊರಗೆ ಬರುವುದು ಹುಳವಲ್ಲ, ಕಣಜ. ನಮ್ಮ ಹಿರಿಯರು ಇದನ್ನು ಗಮನವಿಟ್ಟು ನೋಡಿದ್ದರು. ಅದರಿಂದ ಬಂದದ್ದೇ ಭ್ರಮರಕೀಟ ನ್ಯಾಯ: ಗೂಡೊಳಗೆ ಸಿಕ್ಕ ಕೀಟ ಭಯದಿಂದ ಭ್ರಮರವನ್ನೇ ನೆನೆಯುತ್ತಾ ನೆನೆಯುತ್ತಾ ಕೊನೆಗೆ ತಾನೇ ಭ್ರಮರವಾಗುತ್ತದೆ, ಹಾಗೆಯೇ ಭಗವಂತನನ್ನು ಎಡೆಬಿಡದೆ ನೆನೆಯುವ ಜೀವ ಅವನಂತೆಯೇ ಆಗುತ್ತದೆ. ಭಾಗವತದಲ್ಲಿ ಈ ದೃಷ್ಟಾಂತ ಇದೆ, ಹರಿಕಥೆಯಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೇನೆ, ಕೇಳುವಾಗ ಮನಸ್ಸು ತುಂಬಿ ಬರುತ್ತದೆ.

ಗೂಡನ್ನು ಬಿಡಿಸಿ ನೋಡಿದರೆ ಕಾಣುವುದು ಬೇರೆ. ಕಣಜ ಹುಳವನ್ನು ಕೊಲ್ಲುವುದಿಲ್ಲ, ಕುಟುಕಿ ಅಲ್ಲಾಡದಂತೆ ಮಾಡುತ್ತದೆ. ಸತ್ತರೆ ಕೊಳೆಯುತ್ತದೆ, ಜೀವ ಇದ್ದರೆ ತಾಜಾ ಇರುತ್ತದೆ. ಗೂಡಿನೊಳಗೆ ಒಂದು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಕಣಜದ ಮರಿ ಆ ಜೀವಂತ ಹುಳವನ್ನು ತಿನ್ನುತ್ತಾ ಬೆಳೆಯುತ್ತದೆ. ಹೊರಗೆ ಬರುವ ಕಣಜ ಅದೇ ಮರಿ. ಇದರಲ್ಲಿ ಕ್ರೌರ್ಯ ಇಲ್ಲ, ಕ್ರೌರ್ಯಕ್ಕೆ ಮನಸ್ಸು ಬೇಕು. ಸರಿಯಾದ ಜಾಗಕ್ಕೆ ಕುಟುಕಿದ ಕಣಜಗಳ ಮರಿಗಳು ಜಾಸ್ತಿ ಉಳಿದವು, ಲಕ್ಷಾಂತರ ತಲೆಮಾರು ಹಾಗೇ ನಡೆಯಿತು, ಅಷ್ಟೇ. 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಅವರಿಗೆ ಬರೆದ ಕಾಗದದಲ್ಲಿ ಡಾರ್ವಿನ್ ಇಂಥದ್ದೇ ಪರಾವಲಂಬಿ ಕಣಜಗಳ ಮಾತೆತ್ತಿ, ದಯಾಮಯನಾದ ಸರ್ವಶಕ್ತ ದೇವರು ಇವುಗಳನ್ನು ಬೇಕೆಂದೇ ಸೃಷ್ಟಿಸಿದ ಅಂತ ನನ್ನ ಮನಸ್ಸಿಗೆ ಒಪ್ಪಿಸಿಕೊಳ್ಳಲಾರೆ ಎಂದರು. ಅದಕ್ಕೆ ಒಂಬತ್ತು ವರ್ಷ ಮೊದಲು ಅವರ ಹತ್ತು ವರ್ಷದ ಮಗಳು ಆ್ಯನಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಏಸಾ ಗ್ರೇ ಶ್ರದ್ಧಾವಂತ ಕ್ರೈಸ್ತರು, ಅಮೆರಿಕದಲ್ಲಿ ಡಾರ್ವಿನ್ ಪರವಾಗಿ ಗಟ್ಟಿಯಾಗಿ ನಿಂತವರು. ವ್ಯತ್ಯಾಸಗಳನ್ನು ಒಳ್ಳೆಯ ದಾರಿಗೆ ದೇವರೇ ನಡೆಸುತ್ತಾನೆ ಅಂತ ಇಟ್ಟುಕೊಳ್ಳೋಣ ಎಂಬುದು ಅವರ ಸಲಹೆ. ಡಾರ್ವಿನ್ ಅದನ್ನು ಒಪ್ಪಲಿಲ್ಲ, ಸ್ನೇಹವನ್ನೂ ಬಿಡಲಿಲ್ಲ.

ಆ ತಂದೆಯ ಮನಸ್ಸಿನಲ್ಲಿ ಇರುವುದು ಇದೇ ಪ್ರಶ್ನೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮನೆಯಲ್ಲಿ ಸಾವು ನೋವು ಬಂದಾಗ ಎಲ್ಲದಕ್ಕೂ ಒಂದು ಅರ್ಥ ಇದೆ, ಕರ್ಮ ಇದೆ, ನೋಡಿಕೊಳ್ಳುವವನು ಮೇಲಿದ್ದಾನೆ ಅಂದುಕೊಂಡು ದಾಟಿ ಬಂದವರಿಗೆ, ಜೀವ ಬೆಳೆದು ಬಂದ ದಾರಿಯಲ್ಲಿ ಯಾರೂ ನೋಡಿಕೊಳ್ಳುತ್ತಿರಲಿಲ್ಲ ಎಂದರೆ ಆ ಆಸರೆಯನ್ನೇ ಕಿತ್ತುಕೊಂಡಂತೆ. ಸಾಕ್ಷ್ಯ ತೋರಿಸಿ ಅಂತ ಅವರು ಕೇಳುತ್ತಿಲ್ಲ. ನನ್ನ ಮಗನಿಗೆ ನಾಳೆ ಕಷ್ಟ ಬಂದರೆ ಏನನ್ನು ಹಿಡಿದುಕೊಳ್ಳುತ್ತಾನೆ ಅಂತ ಕೇಳುತ್ತಿದ್ದಾರೆ.

ನೀತಿಯ ಪ್ರಶ್ನೆಯೂ ಇದೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1925ರಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ವಿಕಾಸ ಕಲಿಸಿದ್ದಕ್ಕೆ ಜಾನ್ ಸ್ಕೋಪ್ಸ್ ಎಂಬ ಮೇಷ್ಟರ ಮೇಲೆ ಕೇಸಾಗಿ 100 ಡಾಲರ್ ದಂಡ ಬಿತ್ತು. ಸರ್ಕಾರದ ಪರ ನಿಂತ ವಿಲಿಯಂ ಜೆನಿಂಗ್ಸ್ ಬ್ರಯನ್ ಅವರನ್ನು ಎಲ್ಲರೂ ಮೂಢ ಅಂತ ನೆನಪಿಟ್ಟುಕೊಂಡಿದ್ದಾರೆ. ಅವರು ಬಡ ರೈತರ ಪರವಾಗಿ, ಯುದ್ಧದ ವಿರುದ್ಧವಾಗಿ ಬಹಳ ವರ್ಷ ಹೋರಾಡಿದವರು. ಬಲ್ಲಿದರೇ ಉಳಿಯಬೇಕು, ಬಡವರು ಸಾಯಲಿ ಎಂಬ ಮಾತಿಗೆ ಈ ಪಾಠ ದಾರಿ ಮಾಡಿಕೊಡುತ್ತದೆ ಎಂಬುದು ಅವರ ಒಂದು ಮುಖ್ಯ ಭಯ. ಸ್ಕೋಪ್ಸ್ ಮೇಷ್ಟರ ಶಾಲೆಯ ಪಠ್ಯಪುಸ್ತಕದಲ್ಲಿ ಕೆಲವು ಜನಾಂಗಗಳು ಮೇಲು, ದುರ್ಬಲರ ಸಂತಾನ ಬೆಳೆಯಬಾರದು ಎಂಬಂಥ ಪಾಠಗಳೂ ಇದ್ದವು. ಹಾಗಾಗಿ ಬ್ರಯನ್ ಅವರ ಭಯಕ್ಕೆ ಕಾರಣ ಇತ್ತು, ಅವರು ಹಿಡಿದ ದಾರಿ ಮಾತ್ರ ತಪ್ಪು. ನಿಮ್ಮ ಮಕ್ಕಳಿಗೆ ಇದನ್ನು ಸ್ಪಷ್ಟವಾಗಿ ಹೇಳಲೇಬೇಕು: ಏನು ನಡೆಯಿತು ಅಂತ ಹೇಳುವ ವಿಜ್ಞಾನ, ಏನು ಮಾಡಬೇಕು ಅಂತ ಹೇಳುವುದಿಲ್ಲ. ಕಣಜದಿಂದ ನಾವು ನೀತಿ ಕಲಿಯಬೇಕಾಗಿಲ್ಲ. ಇನ್ನು ನನ್ನ ಮಾತಾಗಿ ಒಂದು ಸೇರಿಸುತ್ತೇನೆ. ಹುಟ್ಟಿದ ಮನೆಯಿಂದಲೇ ಮನುಷ್ಯನ ಯೋಗ್ಯತೆ ನಿಶ್ಚಯ ಅಂತ ಶತಮಾನಗಳಿಂದ ನಂಬಿಕೊಂಡು ಬಂದ ನಮ್ಮಂಥ ಸಮಾಜಕ್ಕೆ, ಎಲ್ಲರ ರಕ್ತವೂ ಒಂದೇ ಮೂಲದ್ದು ಅಂತ ಇಷ್ಟು ಗಟ್ಟಿಯಾಗಿ ಹೇಳುವ ಇನ್ನೊಂದು ಪಾಠ ಹತ್ತನೇ ತರಗತಿಯ ಪುಸ್ತಕದಲ್ಲಿ ಇಲ್ಲ.

ಮುಂಬಯಿಯ ನಮ್ಮವರಿಗೆ ಮತ್ತೊಂದು ಕಾರಣ ಇದೆ. ಊರು ಬಿಟ್ಟು ಬಂದವರನ್ನು ಇಲ್ಲಿ ಹಿಡಿದು ನಿಲ್ಲಿಸಿದ್ದು ಭಜನಾ ಮಂಡಳಿ, ಶನಿಪೂಜೆ, ಜಾತಿಯ ಸಂಘ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಕೋಲಕ್ಕೆ ಕೈಮುಗಿದು ಬರುವುದು. ಮಗ ಮನೆಯ ಹೊರಗೆ ಹಿಂದಿ, ಮರಾಠಿ ಆಡುತ್ತಾನೆ. ಕನ್ನಡ ಓದು ಅಂದರೆ ಮುಖ ತಿರುಗಿಸುತ್ತಾನೆ. ಊರಿನ ಹೆಸರು ಹೇಳಿದರೆ ನೆಟ್‌ವರ್ಕ್ ಬರಲ್ಲ ಅನ್ನುತ್ತಾನೆ. ದೇವರಕೋಣೆ ಒಂದರಲ್ಲಿ ಮಾತ್ರ ಅಪ್ಪ-ಮಗ ಇನ್ನೂ ಒಟ್ಟಿಗೆ ಕೂರುತ್ತಾರೆ. ಈ ಪಾಠ ಅದನ್ನೂ ತಪ್ಪಿಸಿಬಿಡುತ್ತದೇನೋ ಎಂಬ ಅಂಜಿಕೆ ಸುಮ್ನೆ ಬಂದದ್ದಲ್ಲ. ಅದಕ್ಕೇ ನೀವು ಡಾರ್ವಿನ್ ಬೇಕೋ ದೇವರು ಬೇಕೋ ಅಂತ ಕೇಳುವ ಮಾತೇ ಎತ್ತಬಾರದು. ಹಾಗೆ ಕೇಳಿದರೆ ತಂದೆ ದೇವರನ್ನೇ ಆರಿಸಿಕೊಳ್ಳುತ್ತಾರೆ, ಹುಡುಗ ತಂದೆಯನ್ನು ಆರಿಸಿಕೊಳ್ಳುತ್ತಾನೆ.

ಎರಡನ್ನೂ ಇಟ್ಟುಕೊಂಡವರು ಬೇಕಷ್ಟು ಜನ ಇದ್ದಾರೆ. ವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಅಂತ 1973ರಲ್ಲಿ ಬರೆದ ಜೀವವಿಜ್ಞಾನಿ ಡೊಬ್‌ಜಾನ್‌ಸ್ಕಿ ದೇವರನ್ನು ನಂಬುವ ಆರ್ಥಡಾಕ್ಸ್ ಕ್ರೈಸ್ತರು. ಕ್ಯಾಥೊಲಿಕ್ ಚರ್ಚು 1950ರಲ್ಲೇ ಮನುಷ್ಯನ ದೇಹದ ವಿಕಾಸದ ಬಗ್ಗೆ ಚರ್ಚೆ ನಡೆಯಲಿ, ಆತ್ಮ ಮಾತ್ರ ದೇವರಿಂದ ನೇರ ಬಂದದ್ದು ಅಂದಿತು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇದು ಬರೀ ಊಹೆಗಿಂತ ಹೆಚ್ಚಿನದು ಎಂದರು. ಗೋವಾದಲ್ಲಿ, ಬಾಂದ್ರಾದಲ್ಲಿ ಪಾದ್ರಿಗಳು ನಡೆಸುವ ಶಾಲೆಗಳಲ್ಲಿ ಮಕ್ಕಳು ಇದೇ ಪಾಠ ಓದುತ್ತಾರೆ. ಮುಸ್ಲಿಮರಲ್ಲಿ ಪ್ರಾಣಿಗಳ ವಿಕಾಸ ಒಪ್ಪಿ ಆದಮರನ್ನು ಮಾತ್ರ ಬೇರೆ ಇಡುವವರಿದ್ದಾರೆ, ಪೂರ್ತಿ ಒಪ್ಪುವವರಿದ್ದಾರೆ, ಪೂರ್ತಿ ಬೇಡ ಅನ್ನುವವರೂ ಇದ್ದಾರೆ. ಟರ್ಕಿ 2017ರಲ್ಲಿ ಇದನ್ನು ಪ್ರೌಢಶಾಲೆಯಿಂದ ತೆಗೆಯುವ ತೀರ್ಮಾನ ಮಾಡಿತು. ನಮ್ಮಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗ ತೆಗೆದಾಗ 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟರುಗಳು ಸಹಿ ಹಾಕಿ ಬೇಡ ಅಂದರು. ಹತ್ತರ ನಂತರ ಜೀವಶಾಸ್ತ್ರ ತಗೊಳ್ಳದ ಮಕ್ಕಳಿಗೆ ಇದು ಎಂದೂ ಸಿಗುವುದೇ ಇಲ್ಲ ಎಂಬುದು ಅವರ ವಾದ, ನನ್ನದೂ ಅದೇ. ಮಹಾರಾಷ್ಟ್ರ ಮಂಡಳಿಯ ಪುಸ್ತಕದಲ್ಲಿ ಎರಡನೇ ಭಾಗದ ಮೊದಲ ಪಾಠವೇ ಇದು, ಅದನ್ನು ಚೆನ್ನಾಗಿ ಹೇಳಿಕೊಡುವುದು ದೊಡ್ಡ ಕೆಲಸ.

ಮಕ್ಕಳನ್ನು ಎಲ್ಲಾದರೂ ಕರೆದುಕೊಂಡು ಹೋಗಬಹುದಾದರೆ ಸಿಂಧುದುರ್ಗದ ಆಂಬೋಲಿ ಘಾಟಿಗೆ ಕರೆದುಕೊಂಡು ಹೋಗಿ. ಅಲ್ಲಿ ಹಿರಣ್ಯಕೇಶಿ ನದಿ ಹುಟ್ಟುವ ಜಾಗದಲ್ಲಿ ಮಹಾದೇವನ ಗುಡಿ ಇದೆ, ಅದೇ ನದಿ ಮುಂದೆ ನಮ್ಮ ಸಂಕೇಶ್ವರದ ಮೇಲೆ ಹಾದು ಘಟಪ್ರಭೆ ಸೇರುತ್ತದೆ. ಆ ಗುಡಿಯ ಕೊಳದಲ್ಲಿ ಬೆರಳುದ್ದವೂ ಇಲ್ಲದ ಬಣ್ಣದ ಮೀನೊಂದನ್ನು 2020ರಲ್ಲಿ ಹೊಸ ಜಾತಿ ಅಂತ ಗುರುತಿಸಿ ಶಿಸ್ಟುರಾ ಹಿರಣ್ಯಕೇಶಿ ಅಂತ ಹೆಸರಿಟ್ಟರು. ಮರುವರ್ಷ ಸರ್ಕಾರ ಆ ಜಾಗವನ್ನು ಜೀವವೈವಿಧ್ಯದ ಪಾರಂಪರಿಕ ತಾಣ ಅಂತ ಘೋಷಿಸಿತು. ಅದರ ದಾಯಾದಿ ಜಾತಿಗಳು ಸಹ್ಯಾದ್ರಿಯ ಬೇರೆ ಬೇರೆ ಹೊಳೆಗಳಲ್ಲಿವೆ. ಆಂಬೋಲಿಯ ಕಲ್ಲುಹಾಸಿನ ಮೇಲಿನ ಒಂದು ನೆಲಗಪ್ಪೆಯೂ ಹಾಗೇ, ಅದರ ಹತ್ತಿರದ ನೆಂಟ ಕೊಯ್ನಾದಲ್ಲಿ. ಬೆಟ್ಟ ಬೇರೆ, ನೀರು ಬೇರೆ, ಜಾತಿ ಬೇರೆ. ಗುಡಿಗೆ ಕೈಮುಗಿದು ಅದೇ ಕೊಳದಲ್ಲಿ ವಿಕಾಸ ನೋಡಬಹುದು.

ಆಂಬೋಲಿ ದೂರವಾದರೆ ಟಿಬಿಯ ಲೆಕ್ಕ ಹಾಕಿಸಿ, ಮುಂಬಯಿಯಲ್ಲಿ ಅದಕ್ಕಿಂತ ಹತ್ತಿರದ್ದು ಇಲ್ಲ. ಟಿಬಿಯಾದವರ ಶ್ವಾಸಕೋಶದ ಒಂದು ಗುಳಿಯಲ್ಲಿ ಅಂದಾಜು ಹತ್ತು ಕೋಟಿಯಿಂದ ನೂರು ಕೋಟಿ ರೋಗಾಣುಗಳಿರಬಹುದು. ಮೂತ್ರವನ್ನು ಕೆಂಪಾಗಿಸುವ ರಿಫಾಂಪಿಸಿನ್ ಮಾತ್ರೆಗೆ ಬಗ್ಗದ ರೋಗಾಣು ಸುಮಾರು ಹತ್ತು ಕೋಟಿಗೆ ಒಂದು, ಮಾತ್ರೆ ನುಂಗುವ ಮೊದಲೇ, ತಾನಾಗಿ ಹುಟ್ಟಿರುತ್ತದೆ. ಐಸೋನಿಯಾಜಿಡ್‌ಗೆ ಬಗ್ಗದ್ದು ಸುಮಾರು ಹತ್ತು ಲಕ್ಷಕ್ಕೆ ಒಂದು. ಒಂದೇ ಮಾತ್ರೆ ಕೊಟ್ಟರೆ ಬಗ್ಗದವು ಉಳಿದು ಪೂರ್ತಿ ಜಾಗ ತುಂಬುತ್ತವೆ. ಎರಡೂ ಒಟ್ಟಿಗೆ ಕೊಟ್ಟರೆ ಎರಡಕ್ಕೂ ಬಗ್ಗದ್ದು ಕೋಟಿ ಕೋಟಿಗೆ ಒಂದು, ಅಷ್ಟು ರೋಗಾಣು ಮೈಯಲ್ಲಿ ಇರುವುದೇ ಇಲ್ಲ. ಅದಕ್ಕೇ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಒಟ್ಟು ಆರು ತಿಂಗಳು, ನಡುವೆ ಬಿಡಬಾರದು. ಬಿಟ್ಟವರಲ್ಲಿ, ತಪ್ಪು ಔಷಧಿ ತಗೊಂಡವರಲ್ಲಿ ಏನಾಗುತ್ತದೆ ಎಂಬುದಕ್ಕೆ 2012ರಲ್ಲಿ ಇದೇ ಊರಿನ ಹಿಂದೂಜಾ ಆಸ್ಪತ್ರೆಯ ವೈದ್ಯರು ಪ್ರಕಟಿಸಿದ ವರದಿ ಇದೆ: ಪರೀಕ್ಷಿಸಿದ ಯಾವ ಔಷಧಿಗೂ ಬಗ್ಗದ ಟಿಬಿ. ಅಲ್ಲಿ ಯಾರೂ ಆ ರೋಗಾಣುವನ್ನು ರೂಪಿಸಲಿಲ್ಲ, ಅದಕ್ಕೆ ಆಸೆಯೂ ಇರಲಿಲ್ಲ. ಇದೇ ನಿಸರ್ಗದ ಆಯ್ಕೆ. ಆ ತಂದೆಯ ಮನೆಯಲ್ಲಿ ಯಾರಿಗಾದರೂ ಟಿಬಿ ಬಂದರೆ ಅವರು ಆರು ತಿಂಗಳೂ ಎದುರು ನಿಂತು ಮಾತ್ರೆ ನುಂಗಿಸುತ್ತಾರೆ, ಪೂಜೆಯನ್ನೂ ಮಾಡುತ್ತಾರೆ.

ಅವರಿಗೆ ನೀವು ಹೇಳಬೇಕಾದ್ದು ಇಷ್ಟೇ: "ಸರ್, ನಂಬು ಅಂತ ನಾನು ಹೇಳುವುದಿಲ್ಲ, ನಂಬಬೇಡ ಅಂತಲೂ ಹೇಳುವುದಿಲ್ಲ. ಸಾಕ್ಷ್ಯ ಏನಿದೆ ಅಂತ ತೋರಿಸುತ್ತೇನೆ, ಲೆಕ್ಕ ಮಾಡಿಸುತ್ತೇನೆ. ಒಂದು ದಿನ ನೀವೂ ಬಂದು ಕೂತುಕೊಳ್ಳಿ." ಪರೀಕ್ಷೆಗೆ ಒಂದು, ಮನಸ್ಸಿಗೆ ಒಂದು ಅಂತ ಹುಡುಗನಿಗೆ ಹೇಳುವುದನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಮಾರ್ಕಿಗಾಗಿ ಸುಳ್ಳು ಬರೆಯುವುದನ್ನು ಕಲಿತ ಮಗು ನಾಳೆ ವಿಜ್ಞಾನವನ್ನೂ ಹಾಗೇ ನೋಡುತ್ತದೆ, ದೇವರನ್ನೂ ಹಾಗೇ ನೋಡುತ್ತದೆ. ಹುಡುಗ ಎದ್ದು ನಿಂತು "ಹಾಗಾದರೆ ದೇವರು ಇದ್ದಾನಾ ಇಲ್ವಾ" ಅಂತ ಕೇಳಿದರೆ, ಅದಕ್ಕೆ ಪ್ರಾಣಿಶಾಸ್ತ್ರದಲ್ಲಿ ಉತ್ತರ ಇಲ್ಲ, ಮನೆಯಲ್ಲಿ ಅಪ್ಪನ ಜೊತೆ ಕೂತು ಮಾತಾಡು ಅಂತ ಹೇಳಿ, ಮುಂದಿನ ಪಾಠ ತೆಗೆಯಿರಿ.